ಬಕನ ವಾರ

ಕಳೆದ ಮಾಘಮಾಸದಲ್ಲಿ ಚಿಂತಾಮಣಿಯ ಸೀಮೆಯ ಒಂದು ಗ್ರಾಮದಲ್ಲಿ ಐದು ರಾತ್ರಿಗಳ ಕಾಲ ಭಾರತವಾಚನವು ನಡೆಯಿತು. ಗಮಕಿಗಳು ಒಳ್ಳೆಯ ಕಂಠವುಳ್ಳವರು. ವ್ಯಾಖ್ಯಾನದ ಭಾರವನ್ನು ಗ್ರಾಮಸ್ಥರು ನನ್ನ ಮೇಲೆ ಹೊರಿಸಿದ್ದರು. ಮೂರನೆಯ ರಾತ್ರಿ ಬಕವಧೆಯ ಪ್ರಸಂಗ. ಭೀಮಸೇನನು ಬಂಡಿಯ ಅನ್ನವನ್ನು ತಾನೇ ಉಣ್ಣುತ್ತ ಕುಳಿತು, ರಾಕ್ಷಸನು ಹಿಂದಿನಿಂದ ಗುದ್ದುತ್ತಿದ್ದರೂ ತಿರುಗಿ ನೋಡದಿರುವ ಭಾಗಕ್ಕೆ ಬಂದಾಗ ಸಭೆಯೆಲ್ಲವೂ ನಕ್ಕಿತು. ನಗಿಸಿದೆನೆಂಬ ಹೆಮ್ಮೆಯಿಂದ ನಾನೂ ನಕ್ಕೆನು. ಆಗ ಕಂಬದ ಬಳಿ ಕುಳಿತಿದ್ದ ಒಬ್ಬ ವೃದ್ಧೆಯು, “ಸ್ವಾಮಿ, ಭೀಮಣ್ಣ ಬರೋಕೆ ಮುಂಚೆ ಎಷ್ಟು ಜನ ಹೋಗಿದ್ರು?” ಎಂದು ಕೇಳಿದಳು. “ಅದನ್ನು ಕವಿ ಹೇಳಿಲ್ಲಮ್ಮ” ಎಂದೆನು. “ಹೇಳ್ಬೇಕಾಗಿತ್ತು” ಎಂದು ಆಕೆ ಸೆರಗನ್ನು ಹೊದ್ದು ಸುಮ್ಮನಾದಳು. ಗಮಕಿಗಳು ಮುಂದಿನ ಪದ್ಯವನ್ನು ಎತ್ತಿಕೊಂಡರು.

ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವನ ಬುದ್ಧಿಗೆ ಈ ಪ್ರಶ್ನೆಯು ಒಮ್ಮೆಯೂ ಹೊಳೆದಿರಲಿಲ್ಲವಲ್ಲಾ ಎಂಬ ನಾಚಿಕೆಯಿಂದ ಊರಿಗೆ ಹಿಂದಿರುಗಿದೆನು. ಮರುದಿನವೇ ಆದಿಪರ್ವವನ್ನು ತೆಗೆದು ಆ ಭಾಗವನ್ನು ಹೊಸಬನಂತೆ ಓದಿದೆನು. ಹಾಗೆ ಓದಿದಾಗ ತೋರಿದ ಕೆಲವು ಸಂಗತಿಗಳನ್ನು ನಮ್ಮ ಪತ್ರಿಕೆಯ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಕ್ರೌರ್ಯಕ್ಕೆ ಗುರಿಯಾದ ಜನರು ಏನಾಗುತ್ತಾರೆ, ಅದನ್ನು ಹೇಗೆ ಸಹಿಸಿ ಬಾಳುತ್ತಾರೆ ಎಂಬ ವಿಷಯದಲ್ಲಿ ವ್ಯಾಸರಿಗಿದ್ದ ತಿಳಿವಳಿಕೆಯು ನಾವು ಸಾಮಾನ್ಯವಾಗಿ ಎಣಿಸುವುದಕ್ಕಿಂತ ಬಹಳ ಆಳವಾದುದು. ಆದರೂ ಆ ಮಹಾಕವಿಯ ಕಥೆಯಲ್ಲಿಯೂ ಒಂದು ಮಾತು ಉಳಿದುಹೋಗಿದೆ. ಅದನ್ನು ಆ ವೃದ್ಧೆಯು ಹಿಡಿದಳು.

ಕೈವಾರವೇ ಏಕಚಕ್ರಪುರವೆಂಬುದು ನಮ್ಮ ಸೀಮೆಯ ಹಳೆಯ ನಂಬಿಕೆ. ಅಲ್ಲಿಯ ಬೆಟ್ಟದಲ್ಲಿಯೇ ಬಕನು ಇದ್ದನೆಂದೂ ಭೀಮನು ಅವನನ್ನು ಅಲ್ಲಿಯೇ ಕೊಂದನೆಂದೂ ಹೇಳುವರು. ಬಂಗಾಳ, ಬಿಹಾರಗಳವರೂ ಏಕಚಕ್ರವು ತಮ್ಮಲ್ಲಿಯೇ ಇತ್ತೆಂದು ಹೇಳಿಕೊಳ್ಳುತ್ತಾರೆ. ಈ ವಿವಾದದಲ್ಲಿ ಇಳಿಯುವ ಇಚ್ಛೆ ನನಗಿಲ್ಲ. ಇಷ್ಟು ಊರುಗಳ ಜನರು ಈ ಕಥೆಯನ್ನು ತಮ್ಮದೆಂದು ಬಾಚಿಕೊಂಡಿರುವುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಬಲಿಷ್ಠನೊಬ್ಬನಿಗೆ ಊರೆಲ್ಲ ಅಂಜಿ ನಡೆದ ಕಾಲವೊಂದು ಪ್ರತಿಯೊಂದು ಸೀಮೆಯ ನೆನಪಿನಲ್ಲಿಯೂ ಇದ್ದೀತು.

ಮೂಲದಲ್ಲಿ ಬಕನ ಏರ್ಪಾಟು ಹೀಗಿದೆ. ಅವನು ಬರಿಯ ಕಾಡುಪ್ರಾಣಿಯಂತೆ ಊರಿಗೆ ನುಗ್ಗಿ ತಿನ್ನುವವನಲ್ಲ. ಶತ್ರುಸೈನ್ಯದಿಂದಲೂ ಇತರ ಭೂತಗಳಿಂದಲೂ ನಾಡನ್ನು ಕಾಯುವವನು ತಾನೇ ಎಂದು ನಿಂತಿದ್ದಾನೆ. ಆ ಕಾವಲಿಗೆ ಸಂಬಳವೆಂದರೆ ಒಂದು ಬಂಡಿ ಅನ್ನ, ಎರಡು ಕೋಣ, ಅದನ್ನು ಹೊಡೆದುಕೊಂಡು ಹೋದ ಒಬ್ಬ ಮನುಷ್ಯ. ಒಂದೊಂದು ಮನೆಗೆ ಒಂದೊಂದು ಸಲ. ಬಹಳ ವರ್ಷಕ್ಕೊಮ್ಮೆ ಸರದಿ ಬರುತ್ತದೆ. ತಪ್ಪಿಸಿಕೊಳ್ಳಲು ನೋಡಿದವನನ್ನು ಹೆಂಡಿರು ಮಕ್ಕಳ ಸಹಿತ ತಿನ್ನುತ್ತಾನೆ. ರಾಜನೊಬ್ಬನು ಹತ್ತಿರದಲ್ಲಿಯೇ ಇದ್ದಾನೆ. ಆದರೆ ಕೈಲಾಗದವನು, ಉಪಾಯವನ್ನು ಯೋಚಿಸದವನು. ಇವೆಲ್ಲವನ್ನೂ ಕುಂತಿಗೆ ಹೇಳುತ್ತ ಬ್ರಾಹ್ಮಣನು ನಡುವೆ ಒಂದು ಮಾತನ್ನು ಆಡಿಬಿಡುತ್ತಾನೆ: ಎಲ್ಲಿಯಾದರೂ ಒಬ್ಬ ಮನುಷ್ಯನನ್ನು ಕೊಂಡುತರೋಣವೆಂದರೆ ತನ್ನಲ್ಲಿ ಹಣವಿಲ್ಲವೆಂದು. ಓದುವಾಗ ಕಣ್ಣು ತಪ್ಪಿಸಿ ಹೋಗಬಹುದಾದಷ್ಟು ಚಿಕ್ಕ ಮಾತು. ಹಣವಿದ್ದವರು ತಮ್ಮ ಸರದಿಗೆ ಬಡವನೊಬ್ಬನನ್ನು ಕೊಂಡು ಕಳುಹಿಸುವುದೂ ಯೋಚನೆಗೆ ಬರುವ ಊರು ಅದಾಗಿತ್ತೆಂಬುದು ಇದರಿಂದ ಸ್ಪಷ್ಟ. ಕ್ರೌರ್ಯಕ್ಕೆ ಒಂದು ಕ್ರಮವನ್ನು ಹಾಕಿಕೊಟ್ಟರೆ ಅದರ ಹೊರೆಯು ಕೊನೆಗೆ ಯಾರ ಬೆನ್ನಿಗೆ ಜಾರುತ್ತದೆಂಬುದನ್ನು ವ್ಯಾಸರು ಹೀಗೆ ಅರ್ಧ ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದಾರೆ.

ಸರದಿ ಎಂಬ ಅರ್ಥದಲ್ಲಿ ಮೂಲದಲ್ಲಿ ಬಂದಿರುವ ಶಬ್ದವು ‘ವಾರ’. ಪಾಠಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಇದು ಬಹಳ ಹತ್ತಿರದ ಶಬ್ದ. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ, ಹೀಗೆ ಏಳು ಮನೆಗಳ ವಾರಾನ್ನದಿಂದ ಬೆಳೆದವರು ನಾವು. ಬಡ ಹುಡುಗನೊಬ್ಬನ ಹೊಟ್ಟೆಯ ಭಾರವನ್ನು ಏಳು ಮನೆಗಳವರು ಹಂಚಿಕೊಂಡರೆ ಅದು ವಾರ. ರಾಕ್ಷಸನೊಬ್ಬನ ಹೊಟ್ಟೆಯ ಭಾರವನ್ನು ಊರಿನವರು ಹಂಚಿಕೊಂಡರೆ ಅದೂ ವಾರವೇ. ಊರು ಕಟ್ಟಿಕೊಂಡ ಒಂದೇ ಕಟ್ಟಳೆಯು ದಯೆಗೂ ಒದಗುತ್ತದೆ, ಹೇಡಿತನಕ್ಕೂ ಒದಗುತ್ತದೆ. ಏಕಚಕ್ರದವರು ಸ್ವಭಾವದಿಂದ ದುಷ್ಟರಾಗಿದ್ದರೆಂದು ಕವಿ ಎಲ್ಲಿಯೂ ಹೇಳುವುದಿಲ್ಲ. ಅವರು ದೇವತಾರ್ಚನೆ ಮಾಡುತ್ತಿದ್ದರು, ಅತಿಥಿಗಳಿಗೆ ಭಿಕ್ಷೆಯಿಡುತ್ತಿದ್ದರು. ಪಾಂಡವರು ಬಾಳಿದ್ದು ಆ ಭಿಕ್ಷೆಯಿಂದಲೇ. ಆ ದಿನದ ಸರದಿ ತಮ್ಮದಲ್ಲವೆಂಬ ನೆಮ್ಮದಿಯಲ್ಲಿ ಬಾಗಿಲು ಹಾಕಿಕೊಂಡು ಮಲಗುವ ಅಭ್ಯಾಸವೊಂದೇ ಅವರಲ್ಲಿ ಬೆಳೆದಿತ್ತು.

ಸರದಿ ಬಂದ ಮನೆಯ ಒಳಗನ್ನು ಈಗ ನೋಡೋಣ. ಗೃಹಸ್ಥನ ಬಾಯಿಂದ ಹೊರಡುವ ಮೊದಲ ಮಾತುಗಳಲ್ಲಿ ಹೆಂಡತಿಯ ಮೇಲಣ ದೂರಿದೆ. ಎಲ್ಲಿಯಾದರೂ ಕ್ಷೇಮವಾದ ಕಡೆಗೆ ಹೋಗೋಣವೆಂದು ತಾನು ಹಿಂದೆಯೇ ಹೇಳಿದ್ದೆನು, ಹುಟ್ಟಿ ಬೆಳೆದ ಊರನ್ನೂ ತಂದೆಯನ್ನೂ ಬಿಟ್ಟು ಬರಲಾರೆನೆಂದು ನೀನೇ ಹಟ ಹಿಡಿದೆ, ಆ ತಂದೆತಾಯಿಗಳೂ ತೀರಿಹೋದರು ಎನ್ನುತ್ತಾನೆ. ಕೊಲ್ಲುವವನು ಬೆಟ್ಟದ ಮೇಲಿದ್ದಾನೆ; ಬೈಗುಳು ಬೀಳುವುದು ಒಲೆಯ ಮುಂದೆ ಕುಳಿತವಳಿಗೆ. ನಮ್ಮ ವ್ಯಾಖ್ಯಾನಕಾರರು ಈ ಭಾಗವನ್ನು ಬೇಗನೆ ದಾಟಿ, ಮುಂದೆ ಬರುವ ತ್ಯಾಗದ ಮಾತುಗಳ ಮೇಲೆ ವಿಸ್ತಾರವಾಗಿ ಬರೆಯುವುದುಂಟು. ನಾನೂ ತರಗತಿಯಲ್ಲಿ ಹಾಗೆಯೇ ಹೇಳಿಕೊಟ್ಟೆನು. ಈಗ ನೋಡಿದರೆ ಕವಿಯ ಅನುಭವವು ಈ ಮೊದಲ ಮಾತಿನಲ್ಲಿಯೇ ಹೆಚ್ಚಾಗಿದೆ. ಹೊರಗಿನ ಹಿಂಸೆಗೆ ಉತ್ತರ ಕೊಡಲಾರದವನು ಒಳಗಿನವರನ್ನು ನೋಯಿಸುತ್ತಾನೆ. ಅಧಿಕಾರಿಯಿಂದ ಅವಮಾನ ಹೊಂದಿ ಬಂದವನು ಮನೆಯಲ್ಲಿ ಮಗುವಿನ ಮೇಲೆ ಕೈಯೆತ್ತುವುದನ್ನು ನಮ್ಮಲ್ಲಿ ಯಾರು ಕಂಡಿಲ್ಲ?

ಅನಂತರ ಹೆಂಡತಿಯು ಮಾತನಾಡುತ್ತಾಳೆ. ತಾನು ಮಗನನ್ನೂ ಮಗಳನ್ನೂ ಹೆತ್ತಾಯಿತು, ತನ್ನಿಂದ ಆಗಬೇಕಾದ ಕೆಲಸ ಮುಗಿಯಿತು, ಗಂಡನಿಗೆ ಇನ್ನೊಬ್ಬಳು ಸಿಗುವಳು, ಗಂಡನಿಲ್ಲದ ಹೆಣ್ಣಾದರೋ ನೆಲಕ್ಕೆ ಬಿದ್ದ ಮಾಂಸಕ್ಕೆ ಹಕ್ಕಿಗಳು ಎರಗುವಂತೆ ಎಲ್ಲರ ಕಣ್ಣಿಗೂ ಬೀಳುವಳು. ಆದುದರಿಂದ ತಾನೇ ಹೋಗುವುದು ಯುಕ್ತವೆನ್ನುತ್ತಾಳೆ. ಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾಳೆ. ತನ್ನನ್ನು ಹೇಗಿದ್ದರೂ ಒಂದು ದಿನ ಬಿಟ್ಟುಕೊಡಬೇಕು, ಅದನ್ನು ಈಗಲೇ ಮಾಡಿದರೆ ಎಲ್ಲರೂ ಉಳಿಯುವರಲ್ಲವೇ ಎಂಬುದು ಅವಳ ವಾದ. ಇದನ್ನು ಪಾತಿವ್ರತ್ಯವೆಂದೂ ಪಿತೃಭಕ್ತಿಯೆಂದೂ ಕೊಂಡಾಡುವುದು ನಮ್ಮ ವಾಡಿಕೆ. ಇವರ ಪ್ರೀತಿಯು ನಿಜವಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಮಾತುಗಳ ರೀತಿಯನ್ನು ವಾಚಕರು ಗಮನಿಸಬೇಕು. ಇಬ್ಬರೂ ತಮ್ಮ ಬೆಲೆಯನ್ನು ತಾವೇ ಕಟ್ಟಿ, ಅದು ಕಡಿಮೆಯೆಂದು ತೋರಿಸಿ, ಆ ಕಾರಣದಿಂದ ತಮ್ಮನ್ನು ಕಳುಹಿಸಿರೆಂದು ಬೇಡುತ್ತಾರೆ. ರಾಕ್ಷಸನು ಇನ್ನೂ ಮನೆಯ ಹೊಸ್ತಿಲನ್ನು ಮೆಟ್ಟಿಲ್ಲ. ಅವನ ಲೆಕ್ಕವು ಮನೆಯೊಳಕ್ಕೆ ಬಂದು ಕುಳಿತಿದೆ. ಯಾರು ಇಲ್ಲದಿದ್ದರೂ ನಡೆದೀತು ಎಂಬ ಪ್ರಶ್ನೆ ಎದ್ದ ಮನೆಯಲ್ಲಿ ಹೆಂಗಸರು ಮೊದಲು ಕೈಯೆತ್ತಿದರೆ ಅದನ್ನು ತ್ಯಾಗವೆಂದು ಮಾತ್ರ ಕರೆದು ಮುಗಿಸಲಾಗದು. ಬಹುಕಾಲದ ತಿರಸ್ಕಾರವು ಮನಸ್ಸಿನಲ್ಲಿ ಮಾಡಿದ ಗಾಯವೂ ಅದರಲ್ಲಿ ಸೇರಿದೆ. ವ್ಯಾಸರು ತೀರ್ಪು ಹೇಳುವುದಿಲ್ಲ. ಅವರ ಮಾತುಗಳನ್ನು ನಮಗೆ ಕೇಳಿಸಿ ಸುಮ್ಮನಿರುತ್ತಾರೆ.

ಮೂವರೂ ಅಳುತ್ತಿರುವಾಗ ಮಾತು ಕೂಡ ಸರಿಯಾಗಿ ಬಾರದ ಚಿಕ್ಕ ಮಗನು ಒಬ್ಬೊಬ್ಬರ ಬಳಿಗೂ ಹೋಗಿ ಅಳಬೇಡವೆನ್ನುತ್ತಾನೆ. ಒಂದು ಹುಲ್ಲುಕಡ್ಡಿಯನ್ನು ಎತ್ತಿ ಹಿಡಿದು ಇದರಿಂದಲೇ ಆ ರಾಕ್ಷಸನನ್ನು ಕೊಲ್ಲುವೆನೆಂದು ತೊದಲುತ್ತಾನೆ. ಅಷ್ಟು ದುಃಖದಲ್ಲಿಯೂ ಅವರೆಲ್ಲರಿಗೆ ಸಂತೋಷವಾಯಿತೆಂದು ಕವಿ ಹೇಳುತ್ತಾನೆ. ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಒಂದು ತೊಡಕು ಕಾಣಬೇಕು. ಕರುಣಕ್ಕೆ ಹಾಸ್ಯವು ವಿರೋಧಿಯೆಂದು ಸಾಹಿತ್ಯದರ್ಪಣಕಾರನು ಸ್ಪಷ್ಟವಾಗಿ ಹೇಳಿದ್ದಾನೆ. ಒಂದರ ಮಡಿಲಲ್ಲಿ ಇನ್ನೊಂದನ್ನು ಇಟ್ಟರೆ ರಸಭಂಗವಾಗಬೇಕು. ಆಗುವುದಿಲ್ಲವೇಕೆ? ನಾಟಕ ನೋಡುವವನು ದುಃಖದ ನಡುವೆ ನಕ್ಕರೆ ಅದು ರಸಭಂಗ. ದುಃಖದೊಳಗೆ ಕುಳಿತವನು ನಕ್ಕರೆ ಅದು ಅವನ ಉಸಿರು. ಶಾಸ್ತ್ರಕಾರನು ಸಾಮಾಜಿಕನ ಮನಸ್ಸನ್ನು ನೋಡಿ ನಿಯಮ ಮಾಡಿದನು. ವ್ಯಾಸರು ನೊಂದವರ ಮನಸ್ಸನ್ನು ನೋಡಿ ಬರೆದರು.

ಈ ಹುಲ್ಲುಕಡ್ಡಿಯು ನಮ್ಮ ಕಾಲದ ಕನ್ನಡದಲ್ಲಿಯೂ ಸಿಕ್ಕುತ್ತದೆ. 2021ರಲ್ಲಿ ತೀರಿಕೊಂಡ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯನ್ನು ಓದಿದವರು ಇದನ್ನು ಒಪ್ಪುವರು. ಎತ್ತುಗಳ ಸ್ಥಾನದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗವಿಟ್ಟು ಹೊಲ ಉಳುವುದನ್ನೂ, ಆ ಇಬ್ಬರಲ್ಲಿ ಒಬ್ಬನು ತನ್ನ ತಂದೆಯಾಗಿದ್ದುದನ್ನೂ ಬಾಲಕನೊಬ್ಬನು ಕಂಡ ನೆನಪು ಆ ಗ್ರಂಥದ ಮೊದಲಿನಲ್ಲಿದೆ. ಅಂಥ ಆರಂಭವುಳ್ಳ ಪುಸ್ತಕವು ಪುಟಪುಟಕ್ಕೂ ನಗಿಸುತ್ತದೆ. ಇಷ್ಟು ಅವಮಾನಗಳನ್ನು ಹೇಳುವವನು ನಗುವುದೆಂತು ಎಂದು ಮೊದಲ ಸಲ ಓದಿದಾಗ ನಾನು ಮುಖ ಸಿಂಡರಿಸಿದ್ದುಂಟು. ಅದು ನನ್ನ ಓದಿನ ದೋಷ. ನೊಂದವನು ಸದಾ ಅಳುತ್ತಿರಬೇಕೆಂದು ಬಯಸುವುದರಲ್ಲಿ ನೋಡುವವನ ಸೌಕರ್ಯವಿದೆ. ಬಾಳಬೇಕಾದವನಿಗೆ ನಗೆಯೂ ಬೇಕು. ಆದರೆ ನಗೆಯನ್ನು ಕಂಡು ಗಾಯವು ಮಾಯಿತೆಂದು ತಿಳಿಯುವುದೂ ತಪ್ಪು. ಹುಲ್ಲುಕಡ್ಡಿಯಿಂದ ಬಕನು ಸಾಯಲಿಲ್ಲ.

ಹಾಗಾದರೆ ಆ ಮನೆಯ ಗತಿಯು ಎಲ್ಲಿ ತಿರುಗಿತು? ಭೀಮನ ಮುಷ್ಟಿಯಲ್ಲಿ ಎಂದು ನಾವೆಲ್ಲ ಹೇಳುತ್ತೇವೆ. ಕನ್ನಡ ಕವಿಗಳೂ ನಮ್ಮನ್ನು ಆ ಕಡೆಗೇ ನಡೆಸಿದ್ದಾರೆ. ಅರ್ಜುನನನ್ನು ಕಥಾನಾಯಕನನ್ನಾಗಿ ಮಾಡಿಕೊಂಡ ಪಂಪನಿಗೆ ಈ ಪ್ರಸಂಗದಲ್ಲಿ ಬಹುಕಾಲ ತಂಗುವ ಅವಕಾಶವಿಲ್ಲ. ಕುಮಾರವ್ಯಾಸನ ಕೈಯಲ್ಲಿ ಭೀಮನ ಊಟವು ಹಾಸ್ಯಕ್ಕೂ ಅದ್ಭುತಕ್ಕೂ ಎಡೆಯಾಯಿತು. ನಮ್ಮ ಬಯಲಾಟದವರು ಅದನ್ನೇ ಬೆಳೆಸಿದರು. ಮೂಲವನ್ನು ನಿಧಾನವಾಗಿ ಓದಿದರೆ ತಿರುವು ಅದಕ್ಕೂ ಮೊದಲೇ ಇದೆ. ಗೋಡೆಯ ಆಚೆ ಅಳುವ ಶಬ್ದವು ಕುಂತಿಗೆ ಕೇಳಿಸಿತು. ಕಟ್ಟಿಹಾಕಿದ ಕರುವಿನ ಬಳಿಗೆ ಹಸುವು ಧಾವಿಸುವಂತೆ ಆಕೆ ಒಳಕ್ಕೆ ಹೋದಳು. ಈ ದುಃಖಕ್ಕೆ ಕಾರಣವೇನೆಂದು ಕೇಳಿದಳು. ಅಷ್ಟು ವರ್ಷಗಳಲ್ಲಿ ಆ ಊರಿನ ಎಷ್ಟೋ ಮನೆಗಳಿಂದ ಆ ಶಬ್ದವು ಹೊರಟಿರಬೇಕು. ಅಳುವಿನ ಕಾರಣವು ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಕೇಳಲಿಲ್ಲ. ಊರಿನ ಕಟ್ಟಳೆಯನ್ನು ಅರಿಯದ ಪರದೇಶಿ ಹೆಂಗಸೊಬ್ಬಳು ಕೇಳಿದಳು.

ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳಲು ವಾಚಕರ ಅಪ್ಪಣೆಯನ್ನು ಬೇಡುತ್ತೇನೆ. ನಾನು ಓದಿದ ಪಾಠಶಾಲೆಯ ಹೆಸರು ಬೇಡ. ಅಲ್ಲಿಯ ಗುರುಗಳೊಬ್ಬರು ಮಹಾವಿದ್ವಾಂಸರು, ಅಷ್ಟೇ ಕೋಪಿಷ್ಠರು. ಶಬ್ದರೂಪವು ತಪ್ಪಿದರೆ ಬೆತ್ತವು ಮಾತನಾಡುತ್ತಿತ್ತು. ಕಾಲಕ್ರಮದಲ್ಲಿ ಆ ಬೆತ್ತವು ಒಬ್ಬನೇ ಹುಡುಗನನ್ನು ಹುಡುಕಿಕೊಂಡು ಹೋಗತೊಡಗಿತು. ಅವನು ತಂದೆಯಿಲ್ಲದವನು, ಸ್ವಲ್ಪ ತೊದಲುವವನು. ತಪ್ಪು ಮಾಡಿದರೂ ಏಟು, ಹೆದರಿ ಸುಮ್ಮನಿದ್ದರೂ ಏಟು. ನಾವು ಹದಿನಾಲ್ಕು ಜನ ತಲೆ ತಗ್ಗಿಸಿ ಪುಸ್ತಕ ನೋಡುತ್ತಿದ್ದೆವು. ಅವನಿಗೆ ಬಿದ್ದ ದಿನ ನಮಗೆ ಬೀಳದೆಂಬುದು ಪ್ರತ್ಯಕ್ಷವಾಗಿ ಗೊತ್ತಿದ್ದುದರಿಂದ, ಹೇಳಲು ನಾಚಿಕೆಯಾಗುತ್ತದೆ, ಅವನು ಜ್ವರವೆಂದು ಬಾರದ ದಿನ ನಮಗೆಲ್ಲ ದಿಗಿಲಾಗುತ್ತಿತ್ತು. ಒಂದು ಗುರುವಾರ ಅವನ ವಾರದ ಮನೆಯ ತಾಯಿಯು, ಅವನು ಅನ್ನವನ್ನು ಕಲಸಲಾರದೆ ಬೆರಳುಗಳನ್ನು ಮಡಿಸಿಕೊಳ್ಳುವುದನ್ನು ಕಂಡು, “ಕೈ ಯಾಕಪ್ಪ ಹೀಗಾಗಿದೆ? ಯಾರು ಹೊಡೆದರು?” ಎಂದು ಕೇಳಿದಳಂತೆ. ತಾನೇ ಕಲಸಿ ತುತ್ತು ಮಾಡಿ ಕೈಗೆ ಹಾಕಿ ಉಣ್ಣಿಸಿದಳು. ಸಂಜೆ ಪಾಠಶಾಲೆಯ ಜಗುಲಿಗೆ ಬಂದು, ಗುರುಗಳ ಮುಂದೆ ನಿಂತು, “ಸ್ವಾಮಿ, ನಮ್ಮ ಮನೆಯಲ್ಲಿ ಉಣ್ಣುವ ಹುಡುಗನಿಗೆ ಕೈ ಬಾತಿದೆ, ಏನು ತಪ್ಪು ಮಾಡಿದ?” ಎಂದು ಕೇಳಿದಳು. ಅಷ್ಟೇ. ಬೈಯಲಿಲ್ಲ, ಶಪಿಸಲಿಲ್ಲ. ಗುರುಗಳು ಉತ್ತರ ಕೊಡದೆ ಒಳಗೆ ಹೋದರು. ಕೆಲವು ದಿನ ಬೆತ್ತವು ಸುಮ್ಮನಿತ್ತು; ಆಮೇಲೆ ಮತ್ತೆ ಎದ್ದಿತು. ಹುಡುಗನು ಆ ವರ್ಷವೇ ಪಾಠಶಾಲೆಯನ್ನು ಬಿಟ್ಟುಹೋದನು.

ಹಲವು ವರ್ಷಗಳ ಹಿಂದೆ ಶಿಡ್ಲಘಟ್ಟದಲ್ಲಿ ಅವನು ಸಿಕ್ಕಿದನು. ರೇಷ್ಮೆನೂಲು ಬಿಚ್ಚಾಣಿಕೆಯ ಕಸುಬನ್ನು ಕಲಿತು, ಮನೆ ಮಾಡಿಕೊಂಡು, ಮಕ್ಕಳನ್ನು ಓದಿಸಿದ್ದನು. ಕುದಿಯುವ ನೀರಿನಿಂದ ಗೂಡನ್ನು ಎತ್ತಿ ಎಳೆ ಹಿಡಿಯುವ ಬೆರಳುಗಳನ್ನು ನಾನು ನೋಡುತ್ತಿದ್ದುದನ್ನು ಗಮನಿಸಿ ಅವನೇ ಮಾತು ತೆಗೆದನು. ಗುರುಗಳ ಮೇಲೆ ಅವನಿಗೆ ದ್ವೇಷವಿರಲಿಲ್ಲ. ಆ ಕಾಲದ ಕನಸು ಈಗಲೂ ಬೀಳುತ್ತದೆಂದನು. ಮಕ್ಕಳ ಮೇಲೆ ಕೈಯೆತ್ತಬೇಕೆನಿಸಿದಾಗ ಬೀದಿಗೆ ಹೋಗಿ ನಿಂತು ಬರುತ್ತೇನೆಂದನು. “ಗುರುವಾರದ ಅಮ್ಮ ಕೇಳಿದ್ರಲ್ಲ, ಅದಕ್ಕೇ ನಾನು ಮನುಷ್ಯನಾಗಿ ಉಳಿದೆ” ಎಂದನು. ನಮ್ಮ ಹದಿನಾಲ್ಕು ಜನರ ವಿಷಯವನ್ನು ಅವನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಾನು ಉಪಾಧ್ಯಾಯನಾದ ಮೇಲೆ ಕೆಲವು ವರ್ಷ ಬೆತ್ತವನ್ನು ಹಿಡಿದವನೇ ಎಂಬುದನ್ನು ಅವನಿಗೆ ಹೇಳುವ ಧೈರ್ಯವೂ ನನಗೆ ಆಗಲಿಲ್ಲ.

ಮತ್ತೆ ಕಥೆಗೆ ಬರೋಣ. ಭೀಮನು ಬಕನನ್ನು ಕೊಂದು ಊರ ಬಾಗಿಲಲ್ಲಿ ಎಳೆದು ಹಾಕಿದನು. ಬೆಳಗಾಯಿತು. ಜನರು ಗುಂಪುಗೂಡಿ ಆಶ್ಚರ್ಯಪಟ್ಟು, ಈ ದಿನ ಯಾರ ವಾರವಾಗಿತ್ತೆಂದು ಲೆಕ್ಕ ಹಾಕಿದರಂತೆ. ಬಿಡುಗಡೆ ಹೊಂದಿದ ಊರಿನ ಮೊದಲ ಪ್ರಶ್ನೆಯು ಆ ಹಳೆಯ ಸರದಿಯ ಲೆಕ್ಕವೇ ಆಗಿರುವುದು ಎಷ್ಟು ಸತ್ಯ! ಬ್ರಾಹ್ಮಣನು ನಿಜವನ್ನು ಹೇಳದೆ, ಮಂತ್ರಸಿದ್ಧನಾದ ಯಾರೋ ಮಹಾತ್ಮನು ಮಾಡಿದನೆಂದು ಮುಚ್ಚಿಟ್ಟನು. ಜನರು ಹಿಗ್ಗಿ ಉತ್ಸವ ಮಾಡಿದರು. ಅಲ್ಲಿಗೆ ಕಥೆಯು ಮುಗಿಯಿತು. ಹಿಂದೆ ಬಂಡಿಯೊಡನೆ ಹೋದವರ ಹೆಸರುಗಳು, ಅವರ ಹೆಂಡಿರು ಮಕ್ಕಳ ಪಾಡು, ಹಣಕ್ಕೆ ಕೊಳ್ಳಲ್ಪಟ್ಟು ಹೋದವರಿದ್ದರೆ ಅವರ ಸುದ್ದಿ, ಒಂದೂ ಇಲ್ಲ. ಇಷ್ಟು ಸೂಕ್ಷ್ಮವಾಗಿ ಒಂದು ಮನೆಯ ದುಃಖವನ್ನು ಕಂಡ ಕವಿಯು ಊರಿನ ದುಃಖವನ್ನು ಉತ್ಸವದಲ್ಲಿ ಮುಳುಗಿಸಿದನು. ಇದನ್ನು ದೋಷವೆನ್ನಲು ನನ್ನಂಥ ಅಲ್ಪನಿಗೆ ನಾಲಗೆ ಏಳದು. ಆದರೆ ಆ ವೃದ್ಧೆಗೆ ಎದ್ದಿತು.

ನನ್ನ ಮಗಳು ಮನಶ್ಶಾಸ್ತ್ರದ ಗ್ರಂಥಗಳನ್ನು ಓದುವವಳು. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ ಎಂಬವರು 1992ರಲ್ಲಿ ಪ್ರಕಟಿಸಿದ ಒಂದು ಪುಸ್ತಕದ ಸಾರವನ್ನು ಅವಳು ನನಗೆ ಹೇಳಿದಳು. ಕ್ರೌರ್ಯಕ್ಕೆ ಗುರಿಯಾದವರು ಚೇತರಿಸಿಕೊಳ್ಳುವುದರಲ್ಲಿ ಮೂರು ಮೆಟ್ಟಲುಗಳನ್ನು ಆಕೆ ಗುರುತಿಸಿದ್ದಾರೆ: ಮೊದಲು ಅಪಾಯವು ತಪ್ಪಿತೆಂಬ ಭದ್ರತೆ, ಅನಂತರ ನಡೆದುದನ್ನು ನೆನೆದು, ಹೇಳಿಕೊಂಡು, ಶೋಕಿಸುವುದು, ಆಮೇಲೆ ಜನರೊಡನೆ ಮರಳಿ ಬೆರೆತು ಬಾಳುವುದು. ಇದನ್ನು ಕೇಳಿದೊಡನೆ ಏಕಚಕ್ರದ ಉತ್ಸವವು ನನ್ನ ಕಣ್ಣ ಮುಂದೆ ನಿಂತಿತು. ಆ ಊರಿಗೆ ಮೊದಲ ಮೆಟ್ಟಲು ಭೀಮನಿಂದ ದೊರಕಿತು. ಊರು ಒಂದೇ ನೆಗೆತಕ್ಕೆ ಮೂರನೆಯದಕ್ಕೆ ಹಾರಿತು. ನಡುವಿನ ಮೆಟ್ಟಲನ್ನು ಮೆಟ್ಟಲಿಲ್ಲ. ಹೋದವರೆಷ್ಟು ಜನ ಎಂದು ಕೇಳಿದ ವೃದ್ಧೆಯು ಆ ನಡುವಿನ ಮೆಟ್ಟಲನ್ನೇ ಕೇಳಿದಳು.

ಮಹಾಭಾರತದಲ್ಲಿ ಬೇರೆ ಕಡೆ ಇದಕ್ಕೆ ಉತ್ತರವಿದೆಯೇ ಎಂದು ಹುಡುಕಿದರೆ ಸಭಾಪರ್ವಕ್ಕೆ ಹೋಗಬೇಕು. ಅದರೊಡನೆ ನಮ್ಮ ಜಿಲ್ಲೆಯ ಇನ್ನೊಂದು ಪುಣ್ಯಸ್ಥಳಕ್ಕೂ ಹೋಗಬೇಕು. ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಆಕೆ ಅಳುತ್ತ ನಿಲ್ಲದೆ ಒಂದು ಪ್ರಶ್ನೆಯನ್ನು ಹಾಕಿದಳು: ತನ್ನನ್ನು ತಾನೇ ಸೋತವನಿಗೆ ನನ್ನನ್ನು ಪಣವಿಡುವ ಅಧಿಕಾರವಿತ್ತೇ ಎಂದು. ಭೀಷ್ಮನು ಧರ್ಮವು ಸೂಕ್ಷ್ಮವೆಂದು ಜಾರಿಕೊಂಡನು. ಚಿಕ್ಕವನಾದ ವಿಕರ್ಣನು ಮಾತನಾಡಿದನು, ವಿದುರನು ಮಾತನಾಡಿದನು. ದಾಸಿಯ ಮಗನೆಂದು ಅದೇ ಮನೆತನದಲ್ಲಿ ಜನ್ಮವೆಲ್ಲ ಒಂದು ಮೆಟ್ಟಲು ಕೆಳಗೆ ನಿಂತವನು ವಿದುರ. ಪ್ರಹ್ಲಾದನ ಹಳೆಯ ಕಥೆಯೊಂದನ್ನು ತೆಗೆದು ಅವನು ಸಭೆಗೆ ಪಾಪದ ಪಾಲನ್ನು ಹಂಚಿ ತೋರಿಸುತ್ತಾನೆ. ನಿಂದ್ಯವಾದುದನ್ನು ನಿಂದಿಸದ ಸಭೆಯಲ್ಲಿ ಅರ್ಧ ಪಾಪವು ಹಿರಿಯನಿಗೆ, ಕಾಲು ಭಾಗವು ಮಾಡಿದವನಿಗೆ, ಉಳಿದ ಕಾಲು ಭಾಗವು ಸುಮ್ಮನೆ ಕುಳಿತವರಿಗೆ. ಮಾಡಿದವನ ಪಾಲೂ ನೋಡುತ್ತ ಕುಳಿತವರ ಪಾಲೂ ಸಮ! ಪಾಠಶಾಲೆಯಲ್ಲಿ ಈ ಭಾಗವನ್ನು ನಾನು ಕಂಠಪಾಠ ಮಾಡಿದ್ದೆನು. ಬೆತ್ತದ ಶಬ್ದವನ್ನು ಕೇಳುತ್ತಲೇ ಮಾಡಿದ್ದೆನು.

ಆ ವಿದುರನು ನೆಟ್ಟ ಅಶ್ವತ್ಥವೆಂದು ಪ್ರತೀತಿಯುಳ್ಳ ಕ್ಷೇತ್ರವು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. ಮರದ ಸುತ್ತ ಭಕ್ತರು ಪ್ರತಿಷ್ಠಿಸಿದ ಸಾವಿರಾರು ನಾಗರ ಕಲ್ಲುಗಳನ್ನು ಕಾಣದವರು ನಮ್ಮಲ್ಲಿ ಕಡಿಮೆ. 1938ನೆಯ ಇಸವಿ ಏಪ್ರಿಲ್ 25ರಂದು, ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜಸತ್ಯಾಗ್ರಹವು ನಡೆದ ಕೆಲವೇ ದಿನಗಳ ಮೇಲೆ, ಇಲ್ಲಿಯೂ ನಿಷೇಧವನ್ನು ಮೀರಿ ಜನರು ಬಾವುಟಕ್ಕಾಗಿ ಸೇರಿದರು. ಪೋಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರಕಾರದ ಎಣಿಕೆಗೂ ಜನರ ಎಣಿಕೆಗೂ ದೊಡ್ಡ ಅಂತರವಿತ್ತು. ಜನರ ಎಣಿಕೆ 32. 1919ರಲ್ಲಿ ಅಮೃತಸರದ ಜಲಿಯನ್‌ವಾಲಾಬಾಗಿನಲ್ಲಿ ನಡೆದುದನ್ನು ನೆನೆದು ನಾಡಿನವರು ಇದನ್ನು ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಕರೆದರು. ಇಲ್ಲಿ ನಾಡು ಸುಮ್ಮನಿರಲಿಲ್ಲ. ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆಯ ಸಮಿತಿಯಾಯಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರು ಸಂಸ್ಥಾನಕ್ಕೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದರು. ಬಾವುಟದ ವಿವಾದವು ಇತ್ಯರ್ಥವಾಯಿತು. ಇಂದು ಅಲ್ಲಿ ಸ್ಮಾರಕವಿದೆ, ವೀರಸೌಧವಿದೆ. ಎಷ್ಟು ಜನ ಹೋದರು ಎಂಬ ಪ್ರಶ್ನೆಯನ್ನು ಜನರು ಸರಕಾರಕ್ಕೆ ಎದುರಾಗಿ ಕೇಳಿ, ತಮ್ಮ ಉತ್ತರವನ್ನು ತಾವೇ ಉಳಿಸಿಕೊಂಡರು. ಶೋಕದ ಮೆಟ್ಟಲನ್ನು ಆ ಊರು ಮೆಟ್ಟಿದೆ.

ಮರಳಿ ಚಿಂತಾಮಣಿಗೆ ಬರುತ್ತೇನೆ. ಕೈವಾರವಿರುವ ತಾಲ್ಲೂಕಿನಲ್ಲಿಯೇ ಕಂಬಾಲಪಲ್ಲಿಯೆಂಬ ಗ್ರಾಮವಿದೆ. 2000ನೆಯ ಇಸವಿ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಆ ಗ್ರಾಮದಲ್ಲಿ, ದಲಿತರಾದ ಏಳು ಜನರು ಬೆಂಕಿಯಲ್ಲಿ ಜೀವಂತವಾಗಿ ದಹಿಸಲ್ಪಟ್ಟರು. ಮೊಕದ್ದಮೆಯು ನಡೆಯಿತು, ಸಾಕ್ಷಿಗಳು ಮೊದಲು ಹೇಳಿದುದನ್ನು ನ್ಯಾಯಾಲಯದಲ್ಲಿ ಹೇಳಲಿಲ್ಲ. 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು. 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ತೀರ್ಪನ್ನು ವಿಮರ್ಶಿಸುವುದು ನನ್ನ ಕೆಲಸವಲ್ಲ. ಕಾವ್ಯವನ್ನು ಓದುವುದಷ್ಟೇ ನನ್ನ ಕೆಲಸ. ಆದರೆ ಕಾವ್ಯವನ್ನು ಓದುವವನು ಇದನ್ನು ಓದದೆ ಹೋಗುವಂತಿಲ್ಲ. ಏಳು ಜನರು ಸತ್ತುದು ನಿಜ. ಕೊಂದವರು ಯಾರೆಂಬ ಜಾಗವು ಪುಸ್ತಕದಲ್ಲಿ ಖಾಲಿಯಾಗಿ ಉಳಿದಿದೆ. ಉಳಿದವರು ಅದೇ ಕೆರೆ, ಅದೇ ದಾರಿ, ಅದೇ ಸಂತೆಗಳ ನಡುವೆ ಬಾಳಬೇಕು. ಕ್ರೌರ್ಯದಿಂದ ಬದುಕಿ ಉಳಿದವನಿಗೆ ಆಗುವ ಎರಡನೆಯ ಪೆಟ್ಟು ಇದು. ತಾನು ಕಂಡುದನ್ನು ಜಗತ್ತು ಕಾಣಲಿಲ್ಲವೆಂದರೆ ಅವನು ತನ್ನ ಕಣ್ಣುಗಳನ್ನೇ ಸಂಶಯಿಸಬೇಕಾಗುತ್ತದೆ. ಅರವತ್ತೆರಡು ವರ್ಷಗಳ ಅಂತರದಲ್ಲಿ ಒಂದೇ ಸೀಮೆಯಲ್ಲಿ ನಡೆದ ಎರಡು ಸಂಗತಿಗಳು ಇವು. ಪರರ ಗುಂಡಿಗೆ ಬಿದ್ದವರನ್ನು ನಾವು ಎಣಿಸಿದೆವು, ಕಲ್ಲು ನೆಟ್ಟೆವು. ನಮ್ಮ ನಡುವೆಯೇ ಬೆಂದವರ ವಿಷಯದಲ್ಲಿ ನಾವು, ಊರೆಂಬ ಸಭೆಯವರು, ಪುಸ್ತಕದ ಮೇಲೆ ತಲೆ ತಗ್ಗಿಸಿದೆವು.

ಇಷ್ಟರಿಂದ ಹೊರಡುವ ವಿಮರ್ಶೆಯ ನಿರ್ಣಯವು ಸಣ್ಣದು. ಬಕವಧೆಯನ್ನು ವೀರರಸದ ಪ್ರಸಂಗವೆಂದು ಓದುವುದನ್ನು ನಾವು ಸ್ವಲ್ಪ ಬದಿಗಿಡಬೇಕು. ಭೀಮನು ಎಲ್ಲ ಊರಿಗೂ ಬರುವುದಿಲ್ಲ; ಬಂದರೂ ಅವನಿಂದ ಬೆಟ್ಟದ ಮೇಲಿನ ಬಕನು ಸಾಯುವನೇ ಹೊರತು ಮನೆಯೊಳಗೆ ಹೊಕ್ಕ ಅವನ ಲೆಕ್ಕವು ಸಾಯುವುದಿಲ್ಲ. ಅದಕ್ಕೆ ಕುಂತಿಯ ಪ್ರಶ್ನೆ ಬೇಕು, ವಿದುರನ ಮಾತು ಬೇಕು, ಆಮೇಲೆ ಹೋದವರ ಎಣಿಕೆ ಬೇಕು. ನೊಂದವರು ನಗುವರು, ಬೈಯುವರು, ತಮ್ಮನ್ನೇ ಹಳಿದುಕೊಳ್ಳುವರು, ಬೆರಳು ಸುಟ್ಟುಕೊಂಡು ಕಸುಬು ಕಲಿಯುವರು. ಬಾಳುವ ದಾರಿಯನ್ನು ಅವರು ಹೇಗೋ ಕಂಡುಕೊಳ್ಳುವರು. ಅವರ ಸುತ್ತಲಿನವರಿಗೆ ಉಳಿದಿರುವುದು ಕೇಳುವ ಕೆಲಸ ಒಂದೇ. ಅದನ್ನೂ ನಾವು ವಾರದಂತೆ ಹಂಚಿಕೊಳ್ಳಬಹುದು.

ಮುಂದಿನ ಮಾಘದಲ್ಲಿ ಅದೇ ಗ್ರಾಮದಲ್ಲಿ ಮತ್ತೆ ವಾಚನವಿದೆಯೆಂದು ಗಮಕಿಗಳು ಬರೆದಿದ್ದಾರೆ. ಬಕವಧೆಯನ್ನೇ ಇಟ್ಟುಕೊಳ್ಳಿರೆಂದು ಉತ್ತರ ಬರೆದಿದ್ದೇನೆ. ಆ ವೃದ್ಧೆಯು ಕಂಬದ ಬಳಿ ಕುಳಿತಿದ್ದರೆ, ಭೀಮನ ಊಟಕ್ಕೆ ಮುಂಚೆ ವಾಚನವನ್ನು ನಿಲ್ಲಿಸಿ, “ಅಮ್ಮ, ನೀವು ಕೇಳಿದ್ದು ಸರಿ. ಎಷ್ಟು ಜನ ಹೋದರೋ ಕವಿ ಹೇಳಿಲ್ಲ. ನಿಮಗೆ ಗೊತ್ತಿರುವವರ ಹೆಸರು ಹೇಳಿ, ಕೇಳುತ್ತೇವೆ” ಎನ್ನಬೇಕೆಂದಿದ್ದೇನೆ.